ಗೊಡ್ಡು ಕುರಿಗೆ, ಮುದಿ ಕುರಿಗೆ ಇನ್ನೊಂದು ಮನೆ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಮಳವಳ್ಳಿ ಕಡೆಯ ಹಳ್ಳಿ. ಮನೆಯಲ್ಲಿ ಒಂಬತ್ತು ಬಂಡೂರು ಕುರಿಗಳಿವೆ. ಎರಡಕ್ಕೆ ವಯಸ್ಸಾಗಿ ಹಲ್ಲು ಬಿದ್ದಿವೆ, ಇನ್ನೊಂದು ಗಬ್ಬ ಕಟ್ಟುತ್ತಿಲ್ಲ. ಎಲ್ಲವಕ್ಕೂ ಸಾಲುವಷ್ಟು ಮೇವಿಲ್ಲ. ಕಟುಕರಿಗೆ ಕೊಡಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಸಾಕಿಕೊಳ್ಳುವವರಿಗೇ ಕೊಡುವುದು ಹೇಗೆ?

ಉತ್ತರ: ಮಂಡ್ಯ ತಳಿ ಎಂದೂ ಕರೆಯಲಾಗುವ ಬಂಡೂರು ಕುರಿ ಮಾಂಸದ ರುಚಿಗೆ ಹೆಸರಾದದ್ದರಿಂದ, ‘ಪುಕ್ಕಟೆ ಕೊಡುತ್ತೇವೆ’ ಎಂಬ ಮಾತು ಊರಿನಲ್ಲಿ ಹರಡಿದರೆ ಮೊದಲು ಬಾಗಿಲಿಗೆ ಬರುವವರು ಸಾಮಾನ್ಯವಾಗಿ ದಲ್ಲಾಳಿಗಳೇ. ಆದ್ದರಿಂದ ಬರಿಯ ಕನಿಕರವಿರುವವರಿಗಿಂತ, ಕುರಿಯಿಂದ ದಿನನಿತ್ಯ ಏನಾದರೂ ಉಪಯೋಗವಿರುವವರನ್ನು ಹುಡುಕುವುದು ಮೇಲೆಂದು ನನ್ನ ಅಭಿಪ್ರಾಯ.

ಅದಕ್ಕೂ ಮೊದಲು, ಗಬ್ಬ ಕಟ್ಟದ ಕುರಿ ನಿಜವಾಗಿಯೂ ಗೊಡ್ಡೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕುರಿ ಸುಮಾರು 17 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ತೀರ ಬಡಕಲಾದರೂ, ತೀರ ಕೊಬ್ಬಿದರೂ ಗಬ್ಬ ನಿಲ್ಲುವುದು ಕಷ್ಟ. ಮಂದೆಯಲ್ಲಿ ಹಲವು ಕುರಿಗಳು ಒಟ್ಟಿಗೆ ಖಾಲಿ ಉಳಿದಿದ್ದರೆ ದೋಷ ಟಗರಿನದಾಗಿರಬಹುದು. ಗಬ್ಬವಾಗಿ ಕಂದು ಹಾಕಿದ ಕುರಿಯಾದರೆ, ಪಶುವೈದ್ಯರಿಂದ ಬ್ರುಸೆಲ್ಲಾ ರೋಗದ ರಕ್ತಪರೀಕ್ಷೆ ಮಾಡಿಸದೆ ಯಾರಿಗೂ ಕೊಡಬೇಡಿ. ಆ ರೋಗ ಮನುಷ್ಯರಿಗೂ ತಗಲುತ್ತದೆ. ನಂಬಿ ಕರೆದೊಯ್ದವರ ಮನೆಗೆ ಕಾಯಿಲೆ ಕಳಿಸಿದಂತಾಗಬಾರದು.

ಮುದಿ ಕುರಿಗಳ ತುಟಿ ಬಿಡಿಸಿ ನೋಡಿ. ಕುರಿಗೆ ಮುಂದಿನ ಹಲ್ಲುಗಳಿರುವುದು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಮೇಲೆ ಗಟ್ಟಿಯಾದ ವಸಡಷ್ಟೇ. ಸುಮಾರು ನಾಲ್ಕು ವರ್ಷಕ್ಕೆ ಎಂಟೂ ಹಲ್ಲು ಬಂದು ಬಾಯಿ ಕೂಡಿದ ಮೇಲೆ, ವಯಸ್ಸು ಏರಿದಂತೆ ಅವು ಉದ್ದವಾಗಿ, ಸಂದು ಬಿಟ್ಟು, ಒಂದೊಂದಾಗಿ ಉದುರುತ್ತವೆ. ಅಂಥ ಕುರಿ ಗಿಡ್ಡ ಹುಲ್ಲನ್ನು ಕಚ್ಚಿ ಕೀಳಲಾರದು, ಆದರೆ ಎಳೆಯ ಸೊಪ್ಪು, ಕತ್ತರಿಸಿದ ಹಸಿಮೇವು, ಹುರುಳಿ ಹೊಟ್ಟು ಸಿಕ್ಕರೆ ಇನ್ನೂ ಕೆಲವು ವರ್ಷ ಚೆನ್ನಾಗಿಯೇ ಬದುಕುತ್ತದೆ. ಈ ವಿಷಯವನ್ನು ಮುಚ್ಚಿಡದೆ, ಕೊಳ್ಳುವವರ ಎದುರಿನಲ್ಲೇ ಬಾಯಿ ತೆರೆದು ತೋರಿಸಿ.

ನಮ್ಮ ಸೀಮೆಯಲ್ಲಿ ಇಂಥ ಕುರಿಗಳಿಗೆ ಒಳ್ಳೆಯ ಜಾಗವೆಂದರೆ ತೆಂಗಿನ ತೋಟ. ಬನ್ನೂರಿನ ಹತ್ತಿರದ ಒಂದು ತೋಟದಲ್ಲಿ ಎರಡು ಹಳೆಯ ಕುರಿಗಳನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಮರದ ಪಾತಿಗಳ ಸುತ್ತ ಮೇಯುತ್ತಾ ಒಂದು ಸಾಲು ಮುಗಿಸಿ, ಬಿಸಿಲೇರಿದಾಗ ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಮೈಗೆ ಮೈ ತಾಗಿಸಿ ಮಲಗಿ ಮೆಲುಕು ಹಾಕುತ್ತಿದ್ದವು. ತೋಟದವರಿಗೆ ಕಳೆಯೂ ತಗ್ಗಿತು, ಗೊಬ್ಬರವೂ ದಕ್ಕಿತು. ಕುರಿಗೊಬ್ಬರದ ಬೆಲೆ ಬಲ್ಲ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಂಗಿನ ಎಳೆಯ ಸಸಿಗಳಿರುವ ತೋಟವಾದರೆ ಮಾತ್ರ ಬೇಡ, ಗರಿಗಳಿಗೂ ಬಾಯಿ ಹಾಕುತ್ತವೆ.

ಒಂಟಿ ಕುರಿಯನ್ನು ಎಂದೂ ಕೊಡಬೇಡಿ. ಮಂದೆಯಲ್ಲಿ ಬೆಳೆದ ಜೀವ ಒಂಟಿಯಾದರೆ ಅರಚುತ್ತಾ ಮೇವು ಬಿಡುತ್ತದೆ. ನಿಮ್ಮ ಮೂರನ್ನೂ ಒಂದೇ ಮನೆಗೆ ಕೊಡುವುದು, ಅಥವಾ ಆಗಲೇ ಕುರಿ ಇರುವವರಿಗೆ ಕೊಡುವುದು ಸರಿ. ಬೀಜ ಒಡೆಯದ ಟಗರು ಹಾಯುವುದರಿಂದ, ಮುಂದೆಂದಾದರೂ ಅದನ್ನು ಕೊಡಬೇಕಾಗಿ ಬಂದರೆ ಮಕ್ಕಳಿರುವ ಮನೆ ಬೇಡ.

ಚಿಕ್ಕದಾದರೂ ಒಂದು ಬೆಲೆ ಕಟ್ಟಿ, ‘ಸಾಕಲಾಗದಿದ್ದರೆ ನಮಗೇ ಹಿಂದಿರುಗಿಸಬೇಕು’ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಕಾಗದಕ್ಕಿಂತ ಹೆಚ್ಚಿನ ಭದ್ರತೆ ಗುರುತಿನವರ ಮೂಲಕ ಕೊಡುವುದರಲ್ಲಿದೆ. ಹಾಲಿನ ಡೇರಿಯಲ್ಲಿ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಯಾರ ಕೊಟ್ಟಿಗೆ ಹೇಗಿದೆಯೆಂದು ತಿಳಿಯುತ್ತದೆ. ಯಾರೂ ಸಿಗಲಿಲ್ಲವೆಂದು ರಸ್ತೆಗೆ ಬಿಡುವುದಂತೂ ಕೂಡದು; ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಕಳಿಸುವಾಗ ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ಅಂಟುರೋಗ), ಕರುಳು ಬೇನೆ ಇವುಗಳ ಲಸಿಕೆ ಹಾಕಿಸಿದ ದಿನಾಂಕಗಳನ್ನು ಬರೆದು ಕೊಡಿ. ಜೊತೆಗೆ ರೂಢಿಯ ಮೇವಿನದೊಂದು ಮೂಟೆಯಿರಲಿ. ಹೊಸಬರು ಅಕ್ಕರೆಯಿಂದ ಅನ್ನ, ಅಕ್ಕಿ, ರಾಗಿಹಿಟ್ಟನ್ನು ಸುರಿಯುವುದುಂಟು. ಅದರಿಂದ ಹೊಟ್ಟೆ ಹುಳಿಯೇರಿ ಕುರಿ ಒಂದೆರಡು ದಿನದಲ್ಲೇ ಸಾಯಬಹುದು. ತಾಮ್ರ ಸೇರಿದ ಹಸುವಿನ ಖನಿಜ ಮಿಶ್ರಣವೂ ಕುರಿಗೆ ವಿಷವಾಗಬಲ್ಲದು. ಇವೆರಡನ್ನು ಎರಡು ಸಲ ಹೇಳಿ. ಅಲ್ಲಿ ಬೇರೆ ಕುರಿಗಳಿದ್ದರೆ ಮೊದಲ ಎರಡು ಮೂರು ವಾರ ಪ್ರತ್ಯೇಕವಾಗಿಡಲಿ. ಹೊಸ ಜಾಗದಲ್ಲಿ ಒಂದು ಇಡೀ ದಿನ ಮೇವು ಮುಟ್ಟದೆ, ಮೆಲುಕು ಹಾಕದೆ ತಲೆ ಜೋಲಿಸಿ ನಿಂತರೆ, ನಾಳೆ ನೋಡೋಣವೆನ್ನದೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡುವಂತೆಯೂ ತಿಳಿಸಿ.