ಅರ್ಜಿ ಬರೆಯೋಕೆ ವ್ಯಾಕರಣ ಎಷ್ಟು ಬೇಕು?

ಓದುಗರ ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನವಳು. ಸ್ವಸಹಾಯ ಸಂಘದ ಅರ್ಜಿ, ಠರಾವು ಎಲ್ಲ ನಾನೇ ಬರೆಯುತ್ತೇನೆ. ನಾಮಪದ, ಕ್ರಿಯಾಪದ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಮರೆತೇ ಹೋಗಿದೆ. ಮತ್ತೆ ಕಲಿತರೆ ಬರವಣಿಗೆ ಸುಧಾರಿಸುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಖಂಡಿತ ಸುಧಾರಿಸುತ್ತದೆ. ಆದರೆ ಈ ಸಲ ಬಾಯಿಪಾಠ ಬೇಡ. ಕ್ರಿಯಾಪದದಿಂದ ಶುರು ಮಾಡಿ. ಕನ್ನಡದಲ್ಲಿ ಅದು ಸಾಮಾನ್ಯವಾಗಿ ವಾಕ್ಯದ ಕೊನೆಗೇ ಇರುತ್ತದೆ, ಹುಡುಕುವುದು ಸುಲಭ. ಬಂದೆನು, ಬಂದೆವು, ಬಂದಳು, ಬಂದವು: ಪದದ ಕೊನೆಯ ಭಾಗ ನೋಡಿದರೆ ಸಾಕು, ಬಂದವರು ಯಾರು ಅಂತ ತಿಳಿಯುತ್ತದೆ.

ಅರ್ಜಿಗಳಲ್ಲಿ ನಾವು ಇದನ್ನೇ ಕಳೆದುಕೊಳ್ಳುತ್ತೇವೆ. 'ರಸ್ತೆ ದುರಸ್ತಿಯ ಬಗ್ಗೆ ಮನವಿಯನ್ನು ಸಲ್ಲಿಸಲಾಗಿದ್ದು, ಯಾವುದೇ ಕ್ರಮವನ್ನು ಕೈಗೊಳ್ಳಲಾಗಿರುವುದಿಲ್ಲ' ಅಂತ ಬರೆಯುತ್ತೇವೆ. ಸಲ್ಲಿಸಿದವರು ಯಾರು? ಕ್ರಮ ಕೈಗೊಳ್ಳಬೇಕಾದವರು ಯಾರು? 'ಲಾಗಿದೆ' ಬಂದ ಕೂಡಲೇ ಇಬ್ಬರೂ ಮಾಯ. 'ನಾವು ಓಣಿಯವರೆಲ್ಲ ಸೇರಿ ಜೂನ್‌ನಲ್ಲಿ ಅರ್ಜಿ ಕೊಟ್ಟೆವು. ಪಂಚಾಯಿತಿಯವರು ಇನ್ನೂ ರಸ್ತೆ ನೋಡಲು ಬಂದಿಲ್ಲ' ಅಂತ ಬರೆದು ನೋಡಿ. ಗೌರವ ಏನೂ ಕಡಿಮೆಯಾಗಲಿಲ್ಲ, ಅಲ್ವಾ? ವಿಷಯ ಮಾತ್ರ ನೇರವಾಯಿತು.

ಕ್ರಿಯಾಪದ ಮತ್ತು ನಾಮಪದ ಒಂದಕ್ಕೊಂದು ಹೊಂದಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನಡೆದದ್ದು ನಿಮಗೆ ನೆನಪಿರುತ್ತದೆ. '19ನೇ ಗೇಟು ಕೊಚ್ಚಿ ಹೋಯಿತು' ಎಂದರೆ ನಿಜ ಸುದ್ದಿ. '19 ಗೇಟು ಕೊಚ್ಚಿ ಹೋದವು' ಎಂದರೆ ಇಡೀ ನದಿಪಾತ್ರದ ಜನ ಊರು ಬಿಟ್ಟು ಓಡಬೇಕು. ಅಲ್ಲಿರುವುದೇ 33 ಗೇಟು! ವ್ಯತ್ಯಾಸ ಇರುವುದು ಒಂದು 'ನೇ' ಮತ್ತು ಕ್ರಿಯಾಪದದ ಕೊನೆಯಲ್ಲಿ. '19ನೇ' ಎಂಬಂಥ ಪದವನ್ನು ವ್ಯಾಕರಣದಲ್ಲಿ ಸಂಖ್ಯೇಯವಾಚಕ ಎನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, 'ನೇ' ಮರೆಯಬೇಡಿ.

ಆಮೇಲೆ ನಾಮಪದಕ್ಕೆ ಅಂಟುವ ವಿಭಕ್ತಿ, ಅಂದರೆ 'ಗೆ', 'ಇಂದ', 'ಅಲ್ಲಿ' ಥರದ್ದು. 'ಕಾಲುವೆಗೆ ನೀರು ಬಿಟ್ಟರು', 'ಕಾಲುವೆಯಿಂದ ನೀರು ಬಿಟ್ಟರು' ಎರಡೂ ಬೇರೆ ಬೇರೆ. ನಿಮ್ಮ ಕಡೆ 'ಹೊಲದಾಗ', 'ಊರಾಗ' ಅನ್ನುತ್ತೀರಿ. ಅದು ತಪ್ಪು ಕನ್ನಡ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬರಹದ 'ಹೊಲದಲ್ಲಿ' ಹೇಗೆ ಸಪ್ತಮಿಯೋ (ಎಲ್ಲಿ ಅಂತ ತಿಳಿಸುವ ವಿಭಕ್ತಿ) ನಿಮ್ಮ 'ಹೊಲದಾಗ' ಕೂಡ ಹಾಗೇ ಸಪ್ತಮಿ. ಅರ್ಜಿಯಲ್ಲಿ 'ಅಲ್ಲಿ' ಬಳಸಿ, ಅಷ್ಟೇ. ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ 9ನೇ ಶತಮಾನದ ಕವಿರಾಜಮಾರ್ಗ ಹೇಳುವ ಊರುಗಳಲ್ಲಿ ಕೊಪಣ, ಅಂದರೆ ನಿಮ್ಮ ಕೊಪ್ಪಳವೂ ಒಂದು. ಆ ನೆಲದವರು ಬರೆಯಲು ಅಂಜಬಾರದು ಎಂಬುದು ನನ್ನ ಆಸೆ.

ಸರ್ವನಾಮದಲ್ಲಿ ಒಂದೇ ಕಡೆ ಹುಷಾರಾಗಿರಿ. 'ಅಣ್ಣ ತಮ್ಮನಿಗೆ ಫೋನ್ ಮಾಡಿ, ಅವನ ಗದ್ದೆಗೆ ನೀರು ಬಂದಿಲ್ಲ ಎಂದ.' ಯಾರ ಗದ್ದೆ? ಅಣ್ಣನದೇ ಆಗಿದ್ದರೆ 'ತನ್ನ ಗದ್ದೆಗೆ' ಎಂದು ಬರೆಯಿರಿ, ಗೊಂದಲ ಮುಗಿಯಿತು. ಇಷ್ಟು ಚಿಕ್ಕ ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ.

ವಿಶೇಷಣಗಳಲ್ಲಿ 'ತುಂಬಾ', 'ಅತ್ಯಂತ' ಸುಮ್ನೆ ಸೇರಿಸಬೇಡಿ. 'ತುಂಬಾ ಹಾಳಾದ ರಸ್ತೆ' ಅನ್ನುವುದಕ್ಕಿಂತ 'ಮೊಣಕಾಲುದ್ದ ಗುಂಡಿ ಬಿದ್ದ ರಸ್ತೆ' ಕಣ್ಣಿಗೆ ಕಟ್ಟುತ್ತದೆ. ಅವ್ಯಯಗಳ, ಅಂದರೆ ರೂಪ ಬದಲಾಗದ ಪದಗಳ, ಪಟ್ಟಿ ಈಗಲೇ ಬೇಡ.

ನಿಮ್ಮ ಹಿಂದಿನ ಅರ್ಜಿಯ ಪ್ರತಿ ಇದ್ದರೆ ಇವತ್ತೇ ತೆಗೆಯಿರಿ. ಎಲ್ಲ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಸಂಘದ ಯಾರಿಗಾದರೂ ಜೋರಾಗಿ ಓದಿ ಹೇಳಿ, ಪ್ರತಿ ಗೆರೆ ಬಂದಾಗಲೂ 'ಯಾರು?' ಅಂತ ಕೇಳಲು ಹೇಳಿ. ಉತ್ತರ ಸಿಗದ ಕಡೆ ಆ ವಾಕ್ಯ ಹೊಡೆದು ಹಾಕಿ, ಯಾರು ಎಂಬುದರಿಂದಲೇ ಮತ್ತೆ ಶುರು ಮಾಡಿ.