ಹೈಬ್ರಿಡ್ ಕಾರಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ

ಕಳೆದ ಮಳೆಗಾಲದಲ್ಲಿ ಕಾಪು ಸಮೀಪದ ಮನೆಯೊಂದರಿಂದ ಕಾರು ರಿಪೇರಿ ಮಾಡುವ ನನಗೆ ಕರೆ ಬಂದಿತ್ತು. ಮಗ ರಜೆ ಮುಗಿಸಿ ದುಬೈಗೆ ಮರಳಿ ಎರಡು ತಿಂಗಳಾಗಿತ್ತು. ಮಗ ಕೊಂಡ ಹೈಬ್ರಿಡ್ ಕಾರು, ಅಂದರೆ ಎಂಜಿನ್ ಜೊತೆಗೆ ವಿದ್ಯುತ್ ಮೋಟರೂ ಇರುವ ಕಾರು, ಅಂಗಳದ ಶೀಟಿನ ಮಾಡಿನಡಿ ನಿಂತೇ ಇತ್ತು. ಒಂದು ದಿನ ಅದು ಚಾಲೂ ಆಗದೆ ಹೋದಾಗ ನೆರೆಮನೆಯ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಿದರು. ಎಬ್ಬಿಸಿದ ಕೂಡಲೇ ಹೈಬ್ರಿಡ್ ಸಿಸ್ಟಮ್, ಬ್ರೇಕ್, ಸ್ಟಿಯರಿಂಗ್, ಎಂಜಿನ್ ಇವೆಲ್ಲದರ ಎಚ್ಚರಿಕೆ ದೀಪಗಳೂ ಒಟ್ಟಿಗೆ ಹೊತ್ತಿಕೊಂಡವು. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳನ್ನು ಓದುವ ಸ್ಕ್ಯಾನರನ್ನು ಯಾರೋ ಹಾಕಿ ನೋಡಿ, ದೊಡ್ಡ ಬ್ಯಾಟರಿಯೇ ಹೋಗಿದೆ ಎಂದು ಲಕ್ಷದ ಲೆಕ್ಕದ ಅಂದಾಜು ಪಟ್ಟಿ ಕೊಟ್ಟಿದ್ದರು. ಕಾರಿನ ಯಜಮಾನರ ತಂದೆ ಆ ಪಟ್ಟಿಯನ್ನು ನನ್ನ ಕೈಗಿಟ್ಟು, "ವಾರಕ್ಕೊಮ್ಮೆ ತಪ್ಪದೆ ಸ್ಟಾರ್ಟ್ ಮಾಡಿ ಇಟ್ಟಿದ್ದೇನೆ ಮಾರಾಯ್ರೇ, ಆದರೂ ಹೀಗಾಯಿತಲ್ಲ" ಎಂದರು.

ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಚಕ್ರ ತಿರುಗಿಸುವ ಮೋಟರಿಗೆ ಶಕ್ತಿ ಕೊಡುವ ಹೆಚ್ಚು ವೋಲ್ಟೇಜಿನ ಬ್ಯಾಟರಿ ಒಂದು. ಪ್ರಿಯಸ್‌ನಂಥ ಕಾರಿನಲ್ಲಿ ಅದು ಸುಮಾರು 200 ವೋಲ್ಟ್. ಇನ್ನೊಂದು ನಾವೆಲ್ಲ ಬಲ್ಲ 12 ವೋಲ್ಟಿನದು, ಹಲವು ಮಾದರಿಗಳಲ್ಲಿ ಡಿಕ್ಕಿಯಲ್ಲೋ ಹಿಂದಿನ ಸೀಟಿನಡಿಯಲ್ಲೋ ಇರುವಂಥದು. ಇಂಥ ಪೂರ್ಣ ಹೈಬ್ರಿಡ್‌ಗಳಲ್ಲಿ ಸಾಮಾನ್ಯ ಕಾರಿನಂತೆ ಎಂಜಿನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇರುವುದಿಲ್ಲ, ಎಂಜಿನನ್ನು ತಿರುಗಿಸುವ ಕೆಲಸವನ್ನೂ ದೊಡ್ಡ ಮೋಟರೇ ಮಾಡುತ್ತದೆ. ಹಾಗಾದರೆ 12 ವೋಲ್ಟಿನ ಬ್ಯಾಟರಿಗೆ ಏನು ಕೆಲಸ ಎಂದರೆ, ಕಾರಿನ ಕಂಪ್ಯೂಟರ್‌ಗಳನ್ನೆಲ್ಲ ಎಚ್ಚರಿಸುವುದು ಮತ್ತು ದೊಡ್ಡ ಬ್ಯಾಟರಿಯನ್ನು ವ್ಯವಸ್ಥೆಗೆ ಜೋಡಿಸುವ ರಿಲೇ ಎಂಬ ಸ್ವಿಚ್ಚುಗಳನ್ನು ಹಾಕುವುದು. ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ಎಂಬ ಗುರುತು ಬಂದ ಮೇಲೆ ಕನ್ವರ್ಟರ್ ಎಂಬ ಉಪಕರಣವು ದೊಡ್ಡ ಬ್ಯಾಟರಿಯಿಂದ ಕರೆಂಟು ತೆಗೆದು ಸಣ್ಣದನ್ನು ಚಾರ್ಜ್ ಮಾಡತೊಡಗುತ್ತದೆ. 'ರೆಡಿ' ಬರುವ ತನಕ ಎಲ್ಲ ಭಾರವೂ ಆ ಸಣ್ಣ ಬ್ಯಾಟರಿಯ ಮೇಲೆಯೇ.

ಆದ್ದರಿಂದ ನಾನು ಮೊದಲು ತೆಗೆಯುವುದು ಸ್ಕ್ಯಾನರನ್ನಲ್ಲ, ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನು. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ, ಕಾರು ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ, 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಖಾಲಿಯಾಗಿದೆ ಎಂದೇ ಅರ್ಥ. ಕಾಪುವಿನ ಕಾರಿನಲ್ಲಿ ಮೀಟರ್ ತೋರಿಸಿದ್ದು 11.3. ಬಟನ್ ಒತ್ತಿ ಹೆಡ್‌ಲೈಟ್ ಹಾಕುವಷ್ಟರಲ್ಲಿ ಅದು 9ಕ್ಕಿಂತ ಕೆಳಗೆ ಕುಸಿಯಿತು. ಅಷ್ಟು ಇಳಿದರೆ ಕಂಪ್ಯೂಟರ್‌ಗಳು ಒಂದೊಂದಾಗಿ ನಿದ್ದೆಗೆ ಜಾರುತ್ತವೆ, ಎಚ್ಚರವಾಗಿರುವವು ನಿದ್ದೆ ಹೋದವುಗಳ ಮೇಲೆ ದೂರು ಬರೆದಿಡುತ್ತವೆ.

ಅಂದಾಜು ಪಟ್ಟಿಗೆ ಕಾರಣವಾದ ಕೋಡ್ ಯು0111 ಆಗಿತ್ತು. ಅದರ ವಿವರಣೆಯಲ್ಲಿ ಬ್ಯಾಟರಿ ಎಂಬ ಶಬ್ದ ಇರುವುದು ನಿಜ. ಆದರೆ ಅದು ಹೇಳುವುದು ಬ್ಯಾಟರಿಯನ್ನು ನೋಡಿಕೊಳ್ಳುವ ಕಂಪ್ಯೂಟರ್ ಉತ್ತರ ಕೊಡಲಿಲ್ಲ ಎಂದಷ್ಟೇ. ದೊಡ್ಡ ಬ್ಯಾಟರಿ ನಿಜಕ್ಕೂ ಸವೆದಿದ್ದರೆ ಸಾಮಾನ್ಯವಾಗಿ ಬರುವ ಕೋಡ್ ಪಿ0ಎ80. ಅದು ಇಲ್ಲಿ ಇರಲೇ ಇಲ್ಲ. 'ಯು' ಅಕ್ಷರದಿಂದ ಆರಂಭವಾಗುವ, ಅಂದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕದ ಕೋಡ್‌ಗಳು ಗುಂಪಾಗಿ ಬಂದಾಗ ಯಾವುದೇ ಬಿಡಿಭಾಗವನ್ನು ಬದಲಿಸುವ ಮಾತೆತ್ತುವ ಮುನ್ನ ವೋಲ್ಟೇಜನ್ನೂ, ನೆಗೆಟಿವ್ ಕಡೆಯನ್ನು ಕಾರಿನ ಬಾಡಿಗೆ ಜೋಡಿಸುವ ಅರ್ಥಿಂಗನ್ನೂ ನೋಡಲೇಬೇಕು. ಕೋಡ್ ದಾಖಲಾದ ಕ್ಷಣದಲ್ಲಿ ವೋಲ್ಟೇಜ್ ಎಷ್ಟಿತ್ತು, ಕಾರು ಓಡುತ್ತಿತ್ತೇ ನಿಂತಿತ್ತೇ ಎಂಬ ವಿವರವೂ ಬಹಳ ಸಲ ಸ್ಕ್ಯಾನರಿನಲ್ಲಿ ಸಿಗುತ್ತದೆ. ಅದನ್ನು ಬರೆದುಕೊಳ್ಳದೆ ಕೋಡ್ ಅಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅಳಿಸಿಹೋದ ಆ ನಾಲ್ಕು ಸಾಲುಗಳೇ ಎಷ್ಟೋ ಸಲ ಒಂದು ದಿನದ ಹುಡುಕಾಟವನ್ನು ಉಳಿಸುತ್ತಿದ್ದವು.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೂ ಬ್ಯಾಟರಿ ಖಾಲಿಯಾದದ್ದು ಹೇಗೆ? ಹೊಸ ಬ್ಯಾಟರಿ ಹಾಕಿದ ಮೇಲೆ, ಪ್ರತಿ ವಾರ ಮಾಡುತ್ತಿದ್ದುದನ್ನು ಹಾಗೆಯೇ ಮಾಡಿ ತೋರಿಸಿ ಎಂದು ಆ ಹಿರಿಯರನ್ನು ಕೇಳಿಕೊಂಡೆ. ಅವರು ಸೀಟಿನಲ್ಲಿ ಕುಳಿತು, ಬ್ರೇಕಿನ ಮೇಲೆ ಕಾಲಿಡದೆ, ಬಟನ್ ಎರಡು ಸಲ ಒತ್ತಿದರು. ಪರದೆ ಬೆಳಗಿತು, ರೇಡಿಯೋ ಹಾಡಿತು, ಫ್ಯಾನ್ ತಿರುಗಿತು. ಎಂಜಿನ್ ಸದ್ದಿಲ್ಲದಿರುವುದು ಹೈಬ್ರಿಡ್ ಕಾರಿಗೆ ಸಹಜ ಎಂದು ಮಗ ಹೇಳಿದ್ದರಿಂದ ಅವರಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಆದರೆ ಪರದೆಯಲ್ಲಿ 'ರೆಡಿ' ಬಂದಿರಲಿಲ್ಲ. ಹೀಗೆ ವಾರವಾರವೂ ಇಪ್ಪತ್ತು ನಿಮಿಷ ಕಾರು ಚಾರ್ಜ್ ಆಗುವ ಬದಲು ಇನ್ನಷ್ಟು ಖಾಲಿಯಾಗುತ್ತಿತ್ತು. ಬ್ರೇಕ್ ಪೂರ್ತಿ ಒತ್ತಿ ಬಟನ್ ಒತ್ತಿದಾಗ 'ರೆಡಿ' ಬಂತು, ಮೀಟರ್ 14.1 ತೋರಿಸಿತು. ದೀಪಗಳು ಆರಿದವು.

ಕರಾವಳಿಯಲ್ಲಿ ಇದಕ್ಕಿಂತ ಕಠಿಣವಾದದ್ದು, ಮಳೆ ಬಂದಾಗ ಮಾತ್ರ ಕಾಣಿಸಿಕೊಂಡು ಬಿಸಿಲಿಗೆ ಮಾಯವಾಗುವ ದೋಷ. ಸುರತ್ಕಲ್ ಕಡೆಯ ಕಾರೊಂದು ಹೀಗೆ ಮೂರು ಸಲ ನನ್ನಲ್ಲಿಗೆ ಬಂದಿತ್ತು, ಮೂರು ಸಲವೂ ಶೆಡ್ಡಿನೊಳಗೆ ಏನೂ ತೋರಿಸಲಿಲ್ಲ. ನಾಲ್ಕನೆಯ ಸಲ ಮಳೆಯಲ್ಲೇ ನಿಲ್ಲಿಸಿ ಬಾನೆಟ್ ತೆರೆದೆ. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಚಾಲೂ ಮಾಡಿ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಕಂಪ್ಯೂಟರಿನ ಅರ್ಥಿಂಗ್ ಬೋಲ್ಟಿಗೂ ಹಿಡಿದೆ. 0.1 ವೋಲ್ಟಿನ ಒಳಗಿರಬೇಕಾದ ಅಂಕಿ 0.7 ಇತ್ತು. ಬೋಲ್ಟ್ ಬಿಚ್ಚಿದರೆ ಹೊರಗಿನಿಂದ ಹೊಳೆಯುತ್ತಿದ್ದ ವಾಷರಿನ ಅಡಿಯಲ್ಲಿ ಹಸಿರು ಕಿಲುಬು ಉಗುರಿನಷ್ಟು ದಪ್ಪ ಕಟ್ಟಿತ್ತು. ಸಮುದ್ರದ ಉಪ್ಪುಗಾಳಿ ಅಲ್ಲಿ ಕೂಡಿಟ್ಟದ್ದನ್ನು ಮಳೆಯ ತೇವ ಪ್ರತಿ ವರ್ಷ ಒಂದಿಷ್ಟು ಬೆಳೆಸಿತ್ತು. ಎಮರಿ ಕಾಗದದಿಂದ ಲೋಹ ಕಾಣುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದ್ದಷ್ಟೇ ರಿಪೇರಿ.

ಅರ್ಥಿಂಗ್ ಸರಿಯಿದ್ದೂ ದೂರುಗಳು ಮುಂದುವರಿದರೆ ಕಂಪ್ಯೂಟರ್‌ಗಳ ನಡುವಿನ ಸಂವಹನದ ತಂತಿಗಳನ್ನು ನೋಡುತ್ತೇನೆ. ಬ್ಯಾಟರಿ ಕಳಚಿ, ಸ್ಕ್ಯಾನರ್ ಚುಚ್ಚುವ ಕಪ್ಲರಿನ 6 ಮತ್ತು 14ನೆಯ ಪಿನ್‌ಗಳ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಸಿಗಬೇಕು. ಎರಡೂ ಕೊನೆಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದೇ ಇದಕ್ಕೆ ಕಾರಣ. 120 ಬಂದರೆ ಎಲ್ಲೋ ತಂತಿ ತುಂಡಾಗಿದೆ, ಬಹಳ ಸಲ ಇಲಿಯ ಕೆಲಸ. ಕಾರ್ಪೆಟ್ಟಿನ ಅಡಿಗೂ ಕೈಹಾಕಿ ನೋಡಬೇಕು. ಹಲಸಿನ ಮರದಡಿ ನಿಲ್ಲಿಸುವ ಕಾರಿನಲ್ಲಿ ಸನ್‌ರೂಫಿನ ನೀರು ಹರಿಯುವ ಕೊಳವೆ ಕಸಕಡ್ಡಿಯಿಂದ ಕಟ್ಟಿಕೊಂಡು ನೀರು ಒಳಗಿಳಿಯುತ್ತದೆ. ಮಂಗಳೂರಿನ ಕೊಟ್ಟಾರ ಚೌಕಿಯಂಥ ಕಡೆ ನಿಂತ ಮಳೆನೀರಿನಲ್ಲಿ ಕಾರು ದಾಟಿಸಿದವರು ಆ ವಿಷಯವನ್ನು ಮೆಕ್ಯಾನಿಕ್‌ಗೆ ದಯವಿಟ್ಟು ಮುಚ್ಚಿಡಬಾರದು.

ಪಿ0ಎಎ6 ಎಂಬ ಕೋಡ್ ಮಾತ್ರ ಬೇರೆಯ ಜಾತಿಯದು. ಹೆಚ್ಚು ವೋಲ್ಟೇಜಿನ ವ್ಯವಸ್ಥೆಯಿಂದ ಕಾರಿನ ಬಾಡಿಗೆ ಕರೆಂಟು ಸೋರುತ್ತಿದೆ, ಅಂದರೆ ಇನ್ಸುಲೇಷನ್ ಕುಗ್ಗಿದೆ ಎಂಬುದು ಅದರ ಅರ್ಥ. ಅದಕ್ಕಿರುವ ಕಾರಣಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ್ದು ಎಸಿಯ ಕಂಪ್ರೆಸರ್. ಈ ಕಾರುಗಳಲ್ಲಿ ಅದು ಹೆಚ್ಚು ವೋಲ್ಟೇಜಿನಲ್ಲಿ ನಡೆಯುವುದರಿಂದ ಅದಕ್ಕೆ ಕರೆಂಟು ಹರಿಸದ ಎಸ್ಟರ್ ಜಾತಿಯ ಎಣ್ಣೆಯೇ ಬೇಕು. ಗ್ಯಾಸ್ ತುಂಬಿಸುವಾಗ ಸಾಮಾನ್ಯ ಕಾರಿನ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಇನ್ಸುಲೇಷನ್ ಕುಗ್ಗುತ್ತದೆ. ಹಾಗಾಗಿ ಎಸಿ ಕೆಲಸಕ್ಕೆ ಬಿಡುವ ಮುನ್ನ ಎಣ್ಣೆಯ ಬಗ್ಗೆ ಕೇಳಿ ತಿಳಿದುಕೊಳ್ಳಿ. ಹೆಚ್ಚು ವೋಲ್ಟೇಜಿನ ಕೇಸರಿ ಬಣ್ಣದ ಕೇಬಲ್‌ಗಳನ್ನು ಮನೆಯಲ್ಲಿ ಯಾರೂ ಮುಟ್ಟಕೂಡದು; ದೊಡ್ಡ ಬ್ಯಾಟರಿಯ ಸಂಪರ್ಕ ತಪ್ಪಿಸುವ ಸರ್ವಿಸ್ ಪ್ಲಗ್ ಕಳಚಿ, ಕರೆಂಟು ಹಿಡಿದಿಟ್ಟುಕೊಂಡಿರುವ ಕೆಪಾಸಿಟರ್‌ಗಳು ಖಾಲಿಯಾಗಲು ಕನಿಷ್ಠ 10 ನಿಮಿಷ ಕಾದು, ವೋಲ್ಟೇಜ್ ಇಳಿದಿರುವುದನ್ನು ಅಳೆದು ಖಚಿತಪಡಿಸಿಕೊಂಡು, 1000 ವೋಲ್ಟ್ ತಡೆಯುವ ಕೈಗವಸು ತೊಟ್ಟು ಮಾಡುವ ತರಬೇತಿ ಪಡೆದವರ ಕೆಲಸ ಅದು.

ಊರಿನಲ್ಲಿ ಕಾರು ಬಿಟ್ಟು ಗಲ್ಫಿಗೋ ಮುಂಬಯಿಗೋ ಹೋಗುವವರು ಒಂದು ಲೆಕ್ಕ ನೆನಪಿಟ್ಟುಕೊಳ್ಳಬೇಕು. ನಿಂತ ಕಾರು 40 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ ಸುಮಾರು 1 ಆಂಪಿಯರ್-ಅವರ್ ಖರ್ಚಾಗುತ್ತದೆ. 35 ಆಂಪಿಯರ್-ಅವರ್‌ನ ಬ್ಯಾಟರಿ ಒಂದೇ ತಿಂಗಳಲ್ಲಿ ಬಹುಪಾಲು ಬರಿದಾಗುತ್ತದೆ. ಸ್ಮಾರ್ಟ್ ಕೀಯನ್ನು ಕಾರಿನ ಹತ್ತಿರದ ಗೋಡೆಗೆ ತೂಗುಹಾಕಿದರೆ, ಕಾರು ಅದರೊಂದಿಗೆ ಸಂಪರ್ಕದಲ್ಲೇ ಇರುವುದರಿಂದ ಇನ್ನೂ ಬೇಗ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ 'ರೆಡಿ'ಯಲ್ಲಿಟ್ಟು ಒಂದಿಷ್ಟು ಓಡಿಸುವವರಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮ್ಯಾನುವಲ್ ಓದಿ 12 ವೋಲ್ಟಿನ ನೆಗೆಟಿವ್ ಟರ್ಮಿನಲ್ ಕಳಚಿಡಬಹುದು. ಬ್ಯಾಟರಿ ಸತ್ತಾಗ ಕರೆಂಟಿನಿಂದ ತೆರೆಯುವ ಡಿಕ್ಕಿ ತೆರೆಯುವುದಿಲ್ಲ. ಆದ್ದರಿಂದ ಸ್ಮಾರ್ಟ್ ಕೀಯೊಳಗೆ ಅಡಗಿರುವ ಲೋಹದ ಕೀಲಿ ಯಾವುದು, ಬಾನೆಟ್ಟಿನ ಅಡಿಯಲ್ಲಿ ಕೇಬಲ್ ಹಾಕುವ ಪಾಸಿಟಿವ್ ಟರ್ಮಿನಲ್ ಎಲ್ಲಿದೆ ಎಂಬುದನ್ನು ಬಜಪೆ ವಿಮಾನ ನಿಲ್ದಾಣಕ್ಕೆ ಹೊರಡುವ ಹಿಂದಿನ ದಿನವೇ ಮನೆಯವರನ್ನು ಕಾರಿನ ಬಳಿ ಕರೆದು, ಅವರ ಕೈಯಿಂದಲೇ ಒಮ್ಮೆ ಮಾಡಿಸಿ ತೋರಿಸಿ.