ಮರೆಯಲು ಹೊರಟಷ್ಟೂ ನೆನಪಾಗುವುದೇಕೆ?

ಪ್ರಶ್ನೆ: ನಾವು ದೂರವಾಗಿ ಎಂಟು ತಿಂಗಳಾಯಿತು. ಫೋಟೊಗಳನ್ನೆಲ್ಲ ಅಳಿಸಿದ್ದೇನೆ. ನೆನಪು ಬಂದಾಗಲೆಲ್ಲ ಮನಸ್ಸನ್ನು ಗದರಿಸಿ ಬೇರೆಡೆಗೆ ತಿರುಗಿಸುತ್ತೇನೆ. ಆದರೂ ನೆನಪುಗಳು ಬಿಡುತ್ತಿಲ್ಲ. ನನ್ನ ಮನಸ್ಸು ಅಷ್ಟು ದುರ್ಬಲವೇ?

ಉತ್ತರ: ಖಂಡಿತ ಅಲ್ಲ. ಆ ಗದರಿಕೆಯೇ ನೆನಪನ್ನು ಮತ್ತೆ ಮತ್ತೆ ಕರೆತರುತ್ತಿದೆ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ಕೆಲವರಿಗೆ ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ 'ಈಗ ನೆನೆಯಬಹುದು' ಎಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. ಕಳ್ಳನನ್ನು ತಡೆಯಲು ನಿಂತ ಕಾವಲುಗಾರ ಕಳ್ಳನ ಮುಖವನ್ನು ಮರೆಯುವಂತಿಲ್ಲವಲ್ಲ!

ಇನ್ನೊಂದು ಕಾರಣ ಮಿದುಳಿನಲ್ಲಿದೆ. ಪ್ರೀತಿಯಲ್ಲಿ ತಿರಸ್ಕೃತರಾದ 15 ಮಂದಿಗೆ ಅವರ ಪ್ರೇಮಿಯ ಫೋಟೊ ತೋರಿಸಿ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಅವರ ತಂಡ ಮಿದುಳನ್ನು ಸ್ಕ್ಯಾನ್ ಮಾಡಿತ್ತು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮಾದಕ ವಸ್ತುವಿನ ಹಂಬಲಕ್ಕೆ ಸಂಬಂಧಿಸಿದ ಭಾಗಗಳೇ ಚುರುಕಾಗಿದ್ದವು. ಆದ್ದರಿಂದ ನಿಮ್ಮದು ಚಟ ಬಿಡುವವರ ಸಂಕಟಕ್ಕೆ ಹತ್ತಿರದ್ದು. ಅದೇ ಅಧ್ಯಯನದಲ್ಲಿ ಸಮಾಧಾನದ ಮಾತೂ ಇದೆ: ಅಗಲಿ ಹೆಚ್ಚು ದಿನಗಳಾದವರಲ್ಲಿ ಒಲವಿನ ನಂಟಿಗೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಕಡಿಮೆಯಿತ್ತು.

ನಮ್ಮನ್ನು ಅತಿ ಹೆಚ್ಚು ಮೋಸಗೊಳಿಸುವುದು ಮಾತ್ರ ನೆನಪಿನ ಬಣ್ಣ ಎಂದು ನನಗೆ ಅನ್ನಿಸುತ್ತದೆ. ಹಳೆಯ ಕಹಿಯ ತೀವ್ರತೆ ಸಾಮಾನ್ಯವಾಗಿ ಸಿಹಿಗಿಂತ ಬೇಗ ಮಾಸುತ್ತದೆ. ಜಗಳವಾಡಿದ ರಾತ್ರಿ ಮಸುಕಾಗುತ್ತದೆ, ಜೊತೆಯಾಗಿ ನಕ್ಕ ಸಂಜೆ ಹೊಳೆಯುತ್ತಲೇ ಇರುತ್ತದೆ. ಆ ಸಂಜೆ ಸುಳ್ಳಲ್ಲ, ಅದನ್ನು ದ್ವೇಷಿಸಬೇಕಾಗಿಯೂ ಇಲ್ಲ. ಆದರೆ ಅದು ನೆನಪಾದಾಗ ನೀವು ನುಂಗಿಕೊಂಡ ಮಾತುಗಳನ್ನೂ, ಉತ್ತರ ಬಾರದ ಸಂದೇಶಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಆಗ ಕಾಣುವುದು ಇಡೀ ಸಂಬಂಧ.

ನೆನಪು ಬಂದರೆ ಬರಲಿ, 'ಬಂದೆಯಾ' ಎಂದು ಗುರುತಿಸಿ ಕೈಯಲ್ಲಿದ್ದ ಕೆಲಸವನ್ನು ಮುಂದುವರಿಸಿ. ಬರೆಯುವುದೂ ಒಳ್ಳೆಯದು. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ನೋವಿನ ಅನುಭವಗಳ ಕುರಿತು 1986ರ ಅಧ್ಯಯನದಲ್ಲಿ ಬರೆಸಿದ್ದು ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ. ಬರೆದದ್ದನ್ನು ಯಾರಿಗೂ ಕಳುಹಿಸಬೇಡಿ, ಆ ವ್ಯಕ್ತಿಗಂತೂ ಬೇಡವೇ ಬೇಡ. ಫೋಟೊ ಅಳಿಸಿದ್ದೀರಿ ಸರಿ, ಅವರ ವಾಟ್ಸ್ಆ್ಯಪ್ ಸ್ಟೇಟಸ್ ಇಣುಕಿ ನೋಡುವುದನ್ನು ನಿಲ್ಲಿಸಿದ್ದೀರಾ? ಒಂದೊಂದು ಇಣುಕೂ ಆರುತ್ತಿರುವ ಗಾಯವನ್ನು ಕೆರೆದಂತೆ. ಬೇಗ ಇನ್ನೊಬ್ಬರನ್ನು ಹುಡುಕಿಕೊಳ್ಳಿ ಎನ್ನುವವರ ಮಾತನ್ನು ಸದ್ಯಕ್ಕೆ ಬದಿಗಿಡಿ. ಆ ಇನ್ನೊಬ್ಬರಿಗೂ ಒಂದು ಮನಸ್ಸಿದೆ.

ಎಂಟು ತಿಂಗಳು ಹೆಚ್ಚಾಯಿತೇ ಎಂದು ಲೆಕ್ಕ ಹಾಕಬೇಡಿ, ಇದಕ್ಕೆ ಗಡುವಿಲ್ಲ. ಆದರೆ ವಾರಗಟ್ಟಲೆ ನಿದ್ರೆ, ಊಟ, ಕೆಲಸ ಕೆಟ್ಟಿದ್ದರೆ ಆಪ್ತ ಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. ಬದುಕೇ ಬೇಡವೆನ್ನಿಸುತ್ತಿದ್ದರೆ ನಾಳೆಗೆ ಕಾಯಬೇಡಿ. ನಂಬಿಕೆಯ ಒಬ್ಬರಿಗೆ ಈಗಲೇ ಕರೆ ಮಾಡಿ, ಅವರನ್ನು ಜೊತೆಗೆ ಕರೆದುಕೊಂಡು ವೈದ್ಯರ ಬಳಿ ಹೋಗಿ.